ಅಚ್ಚಿನಲ್ಲಿ ಮಗುಚಿದ ಮಾವ

ಮುಳ್ಳೇರಿಯದ ಈಶ್ವರಪ್ರಸಾದ ಮಾಸ್ತರರಲ್ಲಿ ಯಾರಾದರೂ ‘ಹೇಗಿದ್ದೀರಿ’ ಎಂದು ಕೇಳಿದರೆ ಚೀನಾಕ್ಕೆ ಹೋಗಿ ಬರಬೇಕಾಗುತ್ತಿತ್ತು. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತರಾದ ಮೇಲೆ ಅವರು ಅಚ್ಚುಕಲೆಯ ಅಧ್ಯಯನಕ್ಕೆ ಇಳಿದಿದ್ದರು. ಆರೋಗ್ಯದ ವಿಚಾರ ಎರಡು ಮಾತಿನಲ್ಲಿ ಮುಗಿಯುತ್ತಿತ್ತು. ಆಮೇಲೆ ಮರದ ಹಲಗೆ ಕೆತ್ತಿ ಕಾಗದಕ್ಕೆ ಒತ್ತಿದ ಚೀನೀಯರು, ತಾಮ್ರದ ತಗಡನ್ನು ಆಸಿಡ್ಡಿನಲ್ಲಿ ಅದ್ದಿದ ಯುರೋಪಿನವರು, ಗೋವೆಗೆ ಹಡಗಿನಲ್ಲಿ ಬಂದ ಅಚ್ಚಿನ ಯಂತ್ರ, ಮಂಗಳೂರಿನ ಮಿಶನರಿಗಳ ಕಲ್ಲಚ್ಚು ಎಲ್ಲವನ್ನೂ ದಾಟಿ ಮಾತು ಕೊನೆಗೆ ಮಾಸ್ತರರ ಮನೆಯ ಹಿಂಬದಿಯ ಶೆಡ್ಡಿಗೆ ಬಂದು ನಿಲ್ಲುತ್ತಿತ್ತು. ಅಷ್ಟರಲ್ಲಿ ಕೇಳಿದವರ ಬಸ್ಸು ಹೋಗಿರುತ್ತಿತ್ತು.

ಹಾಗೆಂದು ಅವರ ಅಧ್ಯಯನ ಬರಿಯ ಬಾಯಿಮಾತಿನದಲ್ಲ. ಫೋನಿನಲ್ಲೇ ಪಾಠ ಕೇಳಿ, ಪರೀಕ್ಷೆ ಬರೆದು, ಸರ್ಟಿಫಿಕೇಟು ಪಡೆದು, ಅದಕ್ಕೆ ಲ್ಯಾಮಿನೇಶನ್ ಮಾಡಿಸಿ, ದೇವರ ಪಟಗಳ ಸಾಲಿನಲ್ಲೇ, ವಿನಯಕ್ಕೆಂದು ಸ್ವಲ್ಪ ಕೆಳಗೆ ತೂಗುಹಾಕಿದ್ದರು. ಎಲ್ಲ ವಿಧಾನಗಳ ಗುಣದೋಷ ತಿಳಿದು, ನಮ್ಮ ಕೈಗೆಟಕುವುದು ಮರದಚ್ಚು ಎಂದು ತೀರ್ಮಾನಿಸಿ, ಹಳೆಯ ಹಲಸಿನ ಬಾಗಿಲೊಂದನ್ನು ಕೊಯ್ಯಿಸಿ ಹಲಗೆ ಮಾಡಿಸಿಕೊಂಡರು. ಶಾಯಿ ಬಳಿಯುವ ರೋಲರು ಬರುವುದು ತಡವಾದಾಗ ಅಡುಗೆಮನೆಯ ಲಟ್ಟಣಿಗೆ ಆ ಕೆಲಸ ಮಾಡಿತು. ಹೆಂಡತಿ ಸುಪ್ರೀತಾ ಸಹಕಾರಿ ಬ್ಯಾಂಕಿನ ಉದ್ಯೋಗಿ. ಮಧ್ಯಾಹ್ನ ಬ್ಯಾಂಕಿನಲ್ಲಿ ಬುತ್ತಿ ಬಿಚ್ಚಿ ಚಪಾತಿಯ ಬಣ್ಣ ನೋಡಿದ ಮೇಲೆ ಅವರು ಫೋನು ಮಾಡಿ ಹೇಳಿದ್ದು ಇಷ್ಟೆ: “ನಿಮ್ಮ ಇತಿಹಾಸ ನನ್ನ ಹೊಟ್ಟೆಗೆ ಬೇಡ ಮಾರಾಯ್ರೆ.”

ಈ ವಿದ್ಯೆಗೆ ತಕ್ಕ ಒಂದು ಸಂದರ್ಭ ಬೇಕೆಂದು ಮಾಸ್ತರರು ಕಾಯುತ್ತಿದ್ದಾಗಲೇ ಕುಂಬ್ಡಾಜೆಯ ಸೋದರಮಾವ ಶ್ಯಾಮ ಭಟ್ಟರಿಗೆ ಸಹಸ್ರ ಚಂದ್ರ ದರ್ಶನ ಶಾಂತಿ ಮಾಡಿಸುವುದೆಂದು ನಿಶ್ಚಯವಾಯಿತು. ಸಾವಿರ ಹುಣ್ಣಿಮೆ ಕಂಡ ಹಿರಿಯರಿಗೆ ಮಕ್ಕಳು ಮಾಡಿಸುವ ಶಾಂತಿ ಅದು. ಭಟ್ಟರಿಗೆ ಮಾತ್ರ ಸಾವಿರದ ನಂತರದ ಹುಣ್ಣಿಮೆಗಳ ಮೇಲೆ ಭರವಸೆ ಇರಲಿಲ್ಲ. ಮಳೆಗಾಲದಲ್ಲಿ ಎದೆನೋವು ಬಂದು, ಮಂಗಳೂರಿನಲ್ಲಿ ಸ್ಟೆಂಟ್ ಹಾಕಿಸಿಕೊಂಡು ಬಂದಾಗಿನಿಂದ ಅವರಿಗೆ ಲೋಕವೆಲ್ಲ ಶಕುನವಾಗಿ ಕಾಣುತ್ತಿತ್ತು. ಹಲ್ಲಿ ಮೈಮೇಲೆ ಬಿದ್ದರೆ ಪಂಚಾಂಗ ತೆಗೆಯುವುದು, ಒಡೆದ ತೆಂಗಿನಕಾಯಿ ಒಳಗೆ ಕೊಳೆತಿದ್ದರೆ ಆ ದಿನ ಊಟ ಬಿಡುವುದು. ಒಮ್ಮೆ ಕರೆಂಟು ಹೋದಾಗಲೂ ಎದೆ ಹಿಡಿದುಕೊಂಡಿದ್ದರು; ಇಡೀ ಪಂಚಾಯತಿಗೇ ಹೋಗಿದೆ ಎಂದು ತಿಳಿದ ಮೇಲೆ ಸ್ವಲ್ಪ ಸಮಾಧಾನವಾಯಿತು. ಅವರ ಮಗ ವಿಷ್ಣುಪ್ರಸಾದನನ್ನು ಡಾಕ್ಟರು ಹೊರಗೆ ಕರೆದು ಹೇಳಿದ್ದರು: “ಮದ್ದು ನಾವು ಕೊಟ್ಟಿದ್ದೇವೆ. ಹೆದರದ ಹಾಗೆ ನೋಡಿಕೊಳ್ಳುವ ಕೆಲಸ ನಿಮ್ಮದು.”

ಭಟ್ಟರು ಆಯುಷ್ಯವಿಡೀ ಪೌರೋಹಿತ್ಯ ಮಾಡಿದವರು. ಜನಿವಾರ ಎಡ ಹೆಗಲಿನಲ್ಲಿದ್ದರೆ ಸವ್ಯ, ಅದು ದೇವಕಾರ್ಯಕ್ಕೂ ದಿನನಿತ್ಯಕ್ಕೂ. ಬಲ ಹೆಗಲಿಗೆ ಬಂದರೆ ಅಪಸವ್ಯ, ಅದು ತಿಥಿ, ತರ್ಪಣ, ಒಟ್ಟಿನಲ್ಲಿ ಸತ್ತವರ ಕಾರ್ಯಕ್ಕೆ. ತಿಥಿಮನೆಗಳಲ್ಲಿ ‘ಸವ್ಯ’ ‘ಅಪಸವ್ಯ’ ಎಂದು ಗದರಿಸಿ ಗದರಿಸಿ ಅವರ ಗಂಟಲು ದಪ್ಪವಾಗಿತ್ತು. ಟಿವಿ ಧಾರಾವಾಹಿಯ ಮದುವೆಯೊಂದರಲ್ಲಿ ಹುಡುಗಿಯ ತಂದೆಯ ಜನಿವಾರ ಬಲ ಹೆಗಲಿನಲ್ಲಿರುವುದನ್ನು ಕಂಡು, “ಇವ ಧಾರೆ ಎರೆಯುದಾ, ಪಿಂಡ ಹಾಕುದಾ?” ಎಂದು ಟಿವಿಯನ್ನೇ ಆರಿಸಿದ್ದರು. ಮರುದಿನದಿಂದ ಆ ಮನೆಯಲ್ಲಿ ಆ ಧಾರಾವಾಹಿ ಬಂದ್.

ಇಂಥ ಮಾವನ ಚಿತ್ರವನ್ನು ಹಲಗೆಯಲ್ಲಿ ಕೆತ್ತಿ, ಶಾಂತಿಗೆ ಬಂದವರಿಗೆಲ್ಲ ಒಂದೊಂದು ಪ್ರತಿ ಕೊಡುವುದು ಮಾಸ್ತರರ ಯೋಜನೆ. ವಿಷ್ಣುಪ್ರಸಾದನ ಮನಸ್ಸಿನಲ್ಲಿದ್ದದ್ದು ಸ್ಟೀಲಿನ ಡಬ್ಬಿ.

“ಭಾವ, ಡಬ್ಬಿ ಆದರೆ ಜನರಿಗೆ ಉಪ್ಪಿನಕಾಯಿಗಾದರೂ ಆಗ್ತದೆ,” ಎಂದ.

“ಡಬ್ಬಿ ಯಾರೂ ಕೊಟ್ಟಾರು. ಇಂಥದ್ದು ಕುಂಬ್ಡಾಜೆಯಲ್ಲಿ ಇದುವರೆಗೆ ಆದದ್ದುಂಟಾ?”

“ಅದೇ ನನಗೆ ಹೆದರಿಕೆ,” ಎಂದು ವಿಷ್ಣುಪ್ರಸಾದ ಒಪ್ಪಿದ.

ಅಚ್ಚಿನಲ್ಲಿ ಎಲ್ಲವೂ ಮಗುಚಿ ಬೀಳುತ್ತದೆ, ಎಡದ್ದು ಬಲಕ್ಕೆ ಹೋಗುತ್ತದೆ, ಅಭ್ಯಾಸವಿಲ್ಲದವರು ಸಿಕ್ಕಿಬೀಳುವುದೇ ಇಲ್ಲಿ ಎಂದು ಮಾಸ್ತರರು ಮುಳ್ಳೇರಿಯದ ರಿಕ್ಷಾ ಸ್ಟ್ಯಾಂಡಿನಲ್ಲಿ ಪಾಠವನ್ನೇ ಮಾಡಿದ್ದರು. ಹಾಗಾಗಿ ಚಿತ್ರದ ಕೆಳಗಿನ ‘ಸಹಸ್ರ ಚಂದ್ರ ದರ್ಶನ’ ಎಂಬ ಅಕ್ಷರಗಳನ್ನು ತೆಳುವಾದ ಕಾಗದದಲ್ಲಿ ಬರೆದು, ಕಾಗದವನ್ನು ಕವುಚಿ ಹಲಗೆಗೆ ಅಂಟಿಸಿ, ಹಿಂದಿನಿಂದ ಕಂಡ ಹಾಗೆ ಕೆತ್ತಿದರು. ಒಂದು ಒತ್ತಕ್ಷರವೂ ತಪ್ಪಲಿಲ್ಲ. ಮುಖದ ವಿಚಾರದಲ್ಲಿ ಅವರ ಸಿದ್ಧಾಂತ ಬೇರೆಯಿತ್ತು. ಅಕ್ಷರಕ್ಕೆ ಎಡಬಲ ಉಂಟು. ಮನುಷ್ಯನ ಮುಖಕ್ಕೆ ಎಂಥ ಎಡಬಲ? ಅತ್ತ ಒಂದು ಕಣ್ಣು, ಇತ್ತ ಒಂದು ಕಣ್ಣು, ನಡುವೆ ಮೂಗು. ಹೀಗೆಂದು ಮಾವನ ಒಂದು ಒಳ್ಳೆಯ ಫೋಟೋದ ಅಡಿಗೆ ಕಾರ್ಬನ್ ಕಾಗದ ಇಟ್ಟು, ಗೆರೆಗಳನ್ನು ನೇರವಾಗಿಯೇ ಹಲಗೆಗೆ ಇಳಿಸಿದರು. ಬರಿಮೈಯಲ್ಲಿ ಕುಳಿತ ಪುರೋಹಿತರ ಫೋಟೋ ಅದು. ಬೋಳುತಲೆ, ಹಣೆಯ ಗಂಧ, ಎದೆಯ ಮೇಲೆ ಓರೆಯಾಗಿ ಇಳಿದ ಜನಿವಾರ ಎಲ್ಲವೂ ಹಲಗೆಯಲ್ಲಿ ಎದ್ದುಬಂದವು.

ಬುಧವಾರ ಮೊದಲ ಪ್ರತಿ ತೆಗೆದರು. ಅಕ್ಷರ ಕನ್ನಡಿಯ ಹಾಗೆ ಸ್ವಚ್ಛ. ಅದಕ್ಕೆ ಪೇಟೆಯಲ್ಲಿ ಗಾಜಿನ ಫ್ರೇಮು ಹಾಕಿಸಿ, ಸಾಮಾನಿಗೆಂದು ಬಂದಿದ್ದ ವಿಷ್ಣುಪ್ರಸಾದನ ಕೈಯಲ್ಲಿ ಕಾಗದ ಸುತ್ತಿ ಕೊಟ್ಟರು. “ಮಾವನ ಕೈಗೇ ಕೊಡು. ಬಿಚ್ಚುವ ಗೌರವ ಅವರದ್ದು,” ಎಂದರು. ಉಳಿದ ಪ್ರತಿಗಳನ್ನು ಆ ದಿನವೂ ಮರುದಿನವೂ ಒತ್ತಿ, ಚಾವಡಿಯ ಉದ್ದಕ್ಕೆ ಹಗ್ಗ ಕಟ್ಟಿ, ಬಟ್ಟೆಯ ಕ್ಲಿಪ್ಪು ಹಾಕಿ ಒಣಗಲು ಬಿಟ್ಟರು.

ಗುರುವಾರ ಸಂಜೆ ಬ್ಯಾಂಕಿನಿಂದ ಬಂದ ಸುಪ್ರೀತಾ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟವರು ಅಲ್ಲೇ ನಿಂತರು. ಚೆಕ್ಕಿನ ಸಹಿಗಳನ್ನು ಹೋಲಿಸಿ ನೋಡುವುದೇ ಅವರ ದಿನದ ಕೆಲಸ. ಮಾಸ್ತರರು ಹೊಗಳಿಕೆಗೆ ಕಾದರು.

“ಮಾವ ಯಾರಿಗೆ ತರ್ಪಣ ಬಿಡ್ತಾ ಇದ್ದಾರೆ?” ಎಂದರು ಸುಪ್ರೀತಾ.

“ಎಂತ?”

“ಜನಿವಾರ ನೋಡಿ.”

ಮಾಸ್ತರರು ಅಂಗಿಯೊಳಗೆ ಕೈ ಹಾಕಿ ತಮ್ಮ ಜನಿವಾರ ಮುಟ್ಟಿ ನೋಡಿಕೊಂಡರು. ಚಿತ್ರ ನೋಡಿದರು. ಮತ್ತೆ ತಮ್ಮದನ್ನು ಮುಟ್ಟಿದರು. ಫ್ಯಾನಿನ ಗಾಳಿಗೆ ಹಗ್ಗ ತೂಗುತ್ತಿತ್ತು. ಅಷ್ಟೂ ಶ್ಯಾಮ ಭಟ್ಟರು ಸಾಲಾಗಿ ನಿಂತು, ಬಲ ಹೆಗಲಿಗೆ ಜನಿವಾರ ಹಾಕಿಕೊಂಡು, ಮೆಲ್ಲನೆ ಓಲಾಡುತ್ತಿದ್ದರು. ಪ್ರತಿಯೊಬ್ಬರ ಕೆಳಗೂ ‘ಸಹಸ್ರ ಚಂದ್ರ ದರ್ಶನ’ ಎಂದು ತಪ್ಪಿಲ್ಲದೆ ಬರೆದಿತ್ತು.

ಮಾಸ್ತರರು ಕುರ್ಚಿ ಹುಡುಕಿ ಕುಳಿತರು. ಜನ ನಗುವುದು ಇದ್ದೇ ಇತ್ತು. ಅದರ ಯೋಚನೆ ಆಗ ಬರಲಿಲ್ಲ ಎಂಬುದನ್ನು ಅವರ ಪರವಾಗಿ ಹೇಳಬೇಕು. ಕಣ್ಣೆದುರು ಬಂದದ್ದು ಕುಂಬ್ಡಾಜೆಯ ಆ ಗಾಜಿನ ಫ್ರೇಮು. ಕರೆಂಟು ಹೋದರೆ ಎದೆ ಹಿಡಿದುಕೊಳ್ಳುವ ಮನುಷ್ಯ, ತನ್ನದೇ ಚಿತ್ರ, ಶಾಂತಿಯ ಮುನ್ನಾದಿನಗಳು, ಅದರಲ್ಲಿ ಅಪಸವ್ಯ. ಫೋನು ತೆಗೆದರು. ಬೆರಳಿನಲ್ಲಿ ಶಾಯಿ ಇದ್ದದ್ದರಿಂದ ಮೊದಲ ಸಲ ಹೋದದ್ದು ಗ್ಯಾಸಿನ ಏಜೆನ್ಸಿಗೆ.

“ವಿಷ್ಣು, ಆ ಪಟ ಮಾವ ನೋಡಿದರಾ?” ಎಂದು ಎರಡನೆಯ ಸಲ ಸರಿಯಾದ ನಂಬ್ರ ಸಿಕ್ಕಿದ ಮೇಲೆ ಕೇಳಿದರು.

“ಇಲ್ಲ ಭಾವ,” ಎಂದ ವಿಷ್ಣುಪ್ರಸಾದ. “ನಿನ್ನೆಯೂ ಇವತ್ತೂ ನಕ್ಷತ್ರ ಸರಿ ಇಲ್ಲವಂತೆ. ನಾಳೆ ಬೆಳಗ್ಗೆ ಪೂಜೆ ಆದ ಮೇಲೆ ಬಿಚ್ಚುದು ಅಂತ ರೂಮಿನಲ್ಲಿ ಮಂಚದ ಹತ್ತಿರ ಇಟ್ಟುಕೊಂಡಿದ್ದಾರೆ. ಎಂತಕ್ಕೆ?”

“ಎಂತಕ್ಕೂ ಇಲ್ಲ. ಗಾಜು ಸರಿ ಕೂತಿದೆಯೋ ಅಂತ.”

ಆಗಲೇ ಹೊರಡೋಣವೆಂದರೆ ಕತ್ತಲಾಗುತ್ತ ಬಂದಿತ್ತು. ಮುಸ್ಸಂಜೆಗೆ ಹೇಳದೆ ಬಂದು ಬಾಗಿಲು ತಟ್ಟುವ ನೆಂಟನೂ ಮಾವನ ಲೆಕ್ಕದಲ್ಲಿ ಅಪಶಕುನವೇ. ಬೆಳಗ್ಗೆ ಪೂಜೆ ಮುಗಿಯುವ ಮೊದಲು ಮುಟ್ಟಬೇಕು, ಬಿಚ್ಚದ ಕಟ್ಟನ್ನು ಏನಾದರೂ ನೆವ ಹೇಳಿ ಕೈಗೆ ತೆಗೆದುಕೊಳ್ಳಬೇಕು, ಒಳಗಿನದನ್ನು ಬದಲಿಸಬೇಕು. ಆದರೆ ಬದಲಿಸುವುದಕ್ಕೆ ಎಲ್ಲಿದೆ?

“ಹಲಗೆಯಲ್ಲಿ ಆ ಜನಿವಾರವನ್ನು ಕೆತ್ತಿ ತೆಗೆದುಬಿಡಿ,” ಎಂದರು ಸುಪ್ರೀತಾ.

“ಆಗ ಮಾವ ಸನ್ಯಾಸ ತೆಗೆದುಕೊಂಡ ಹಾಗೆ ಆಗ್ತದೆ.”

“ಹಾಗಾದರೆ ಈ ಹೆಗಲಿಗೆ ಹೊಸತು ಕೆತ್ತಿ.”

“ಮರದಲ್ಲಿ ತೆಗೆಯಬಹುದು ಮಾರಾಯ್ತಿ, ಸೇರಿಸಲಿಕ್ಕೆ ಆಗುದಿಲ್ಲ. ಇದೆಂತ ರಂಗೋಲಿಯಾ?”

ಹೊಸ ಹಲಗೆ ಕೆತ್ತಲು ವಾರಗಳು ಬೇಕು, ಶಾಂತಿ ಭಾನುವಾರ. ಮಾಸ್ತರರು ಚೀನಾದಿಂದ ಹಿಡಿದು ತಾವು ಓದಿದ್ದನ್ನೆಲ್ಲ ತಲೆಯಲ್ಲಿ ಮಗುಚಿ ಹಾಕಿದರು. ಇಷ್ಟು ಶತಮಾನಗಳಲ್ಲಿ ಇನ್ನೊಬ್ಬನಾದರೂ ಇದೇ ಗುಂಡಿಗೆ ಬಿದ್ದಿರಲೇಬೇಕು. ಬಿದ್ದಿದ್ದರು. ಯುರೋಪಿನ ತಗಡಚ್ಚಿನವರು, ಕೆತ್ತಿದ್ದು ಸರಿಯೋ ಎಂದು ನೋಡಲು ಒಂದು ಉಪಾಯ ಮಾಡುತ್ತಿದ್ದರು: ಆಗಷ್ಟೇ ಒತ್ತಿದ ಹಸಿ ಅಚ್ಚಿನ ಮೇಲೆ ಇನ್ನೊಂದು ಕಾಗದ ಹಾಸಿ ಉಜ್ಜಿದರೆ, ಮಗುಚಿದ್ದು ಮತ್ತೊಮ್ಮೆ ಮಗುಚಿ ನೇರವಾಗುತ್ತದೆ. ಹಾಗೆ ಮಾಡಿದರೆ ಅಕ್ಷರ ಉಲ್ಟಾ ಆಗುತ್ತದೆಂದು ಹಲಗೆಯ ಕೆಳತುಂಡನ್ನು ಗರಗಸದಲ್ಲಿ ಕೊಯ್ದು ಬೇರೆ ಮಾಡಿದರು. ಮುಖವನ್ನು ಎರಡು ಕಾಗದ ದಾಟಿಸಿ, ಅಕ್ಷರವನ್ನು ನೇರವಾಗಿ ಒತ್ತಿದರು. ಜನಿವಾರ ಎಡ ಹೆಗಲಿಗೆ ಬಂತು. ಒಂದೇ ತೊಂದರೆಯೆಂದರೆ, ಎರಡನೆಯ ಕಾಗದಕ್ಕೆ ಇಳಿಯುವ ಹೊತ್ತಿಗೆ ಶಾಯಿ ತೆಳ್ಳಗಾಗಿರುತ್ತದೆ.

“ಮಾವ ಅರ್ಧ ಅಳಿಸಿಹೋದ ಹಾಗೆ ಉಂಟು,” ಎಂದರು ಸುಪ್ರೀತಾ.

“ತಿಳಿಯಾಗಿದೆ ಅನ್ನು.”

“ಆಯ್ತು, ತಿಳಿಯಾಗಿದ್ದಾರೆ. ಆದರೆ ಕಾಯಿಲೆಯವರಿಗೆ ತೋರಿಸುವಾಗ ಸ್ವಲ್ಪ ದೂರದಿಂದ ತೋರಿಸಿ.”

ಶುಕ್ರವಾರ ಬೆಳಗ್ಗೆ ಗುಣಪಾಲನ ರಿಕ್ಷಾದಲ್ಲಿ ಮಾಸ್ತರರು ಸುರುಳಿ ಸುತ್ತಿದ ಆ ತಿಳಿ ಮಾವನನ್ನು ಎದೆಗೆ ಒತ್ತಿಕೊಂಡು ಹೊರಟರು. ರಸ್ತೆಯ ಪ್ರತಿ ತಿರುವಿನಲ್ಲೂ ಒಂದೊಂದು ನೆವ ಹೊಳೆಯಿತು, ಮುಂದಿನ ತಿರುವಿನಲ್ಲಿ ಅದು ಬಿದ್ದುಹೋಯಿತು. ಗಾಜು ಸಡಿಲವಾಗಿದೆ ಎನ್ನೋಣವೇ? ಗಾಜು ಒಡೆಯುವುದು ಇನ್ನೂ ಕೆಟ್ಟ ಶಕುನ. ಗೆದ್ದಲಿನ ಅನುಮಾನ ಎನ್ನೋಣವೇ? ಹೊಸ ಫ್ರೇಮಿಗೆ ಗೆದ್ದಲೆಂದರೆ ಮಾವ ಅದಕ್ಕೂ ಒಂದು ಶ್ಲೋಕ ಹೇಳಿಯಾರು. ಗುಣಪಾಲ ಕನ್ನಡಿಯಲ್ಲಿ ಎರಡು ಮೂರು ಸಲ ನೋಡಿದ.

“ಮಾಸ್ಟ್ರೇ, ಮನೆಯಲ್ಲಿ ಎಲ್ಲ ಸೌಖ್ಯವಾ?”

“ಸೌಖ್ಯ.”

“ಅಲ್ಲ, ಇಷ್ಟು ದೂರ ಬಂದಾಯ್ತು, ಚೀನಾ ಇನ್ನೂ ಬರಲಿಲ್ಲ. ಅದಕ್ಕೆ ಕೇಳಿದೆ.”

ಅಂಗಳದಲ್ಲಿ ವಿಷ್ಣುಪ್ರಸಾದ ಶಾಮಿಯಾನದವರಿಗೆ ಕಂಬ ಎಲ್ಲಿ ಹುಗಿಯಬೇಕೆಂದು ತೋರಿಸುತ್ತಿದ್ದ. ಭಾವನನ್ನು ಕಂಡು ಹತ್ತಿರ ಬಂದು ಸ್ವರ ತಗ್ಗಿಸಿದ.

“ಒಳ್ಳೆಯ ಹೊತ್ತಿಗೆ ಬಂದಿರಿ ಭಾವ. ಅಪ್ಪ ಇವತ್ತು ಪೂಜೆ ಬೇಗ ಮುಗಿಸಿದರು. ಪಟ ಬಿಚ್ಚಿಯಾಯ್ತು.”

“ಎಂತ ಹೇಳಿದರು?”

“ಎಂತ ಹೇಳಲೂ ಇಲ್ಲ. ಬಾಗಿಲು ಹಾಕಿಕೊಂಡಿದ್ದಾರೆ. ಕಾಫಿಗೆ ಕರೆದರೆ ಉತ್ತರ ಇಲ್ಲ.”

ಮಾಸ್ತರರು ಜಗಲಿ ಹತ್ತಿ, ಚಾವಡಿ ದಾಟಿ, ಬಾಗಿಲಿಗೆ ಕಿವಿಯಿಟ್ಟರು. ಒಳಗೆ ಯಾರೋ ಅತ್ತಿಂದಿತ್ತ ನಡೆಯುವ ಸದ್ದು, ನಿಲ್ಲುವುದು, ಮತ್ತೆ ನಡೆಯುವುದು. ತಟ್ಟಿದರು.

“ಯಾರು?”

“ನಾನು ಮಾವ, ಈಶ್ವರ.”

ಚಿಲಕ ತೆಗೆದ ಸದ್ದು. “ನೀನೊಬ್ಬನೇ ಬಾ. ಬಾಗಿಲು ಹಾಕು.”

ಕಿಟಕಿಯ ಬದಿಯ ಗೋಡೆಯಲ್ಲಿ, ಭಟ್ಟರು ದಿನವೂ ಗಂಧ ಹಚ್ಚಿಕೊಳ್ಳುವಾಗ ನೋಡುವ ಕನ್ನಡಿ ತೂಗುತ್ತಿತ್ತು. ಅದರ ಪಕ್ಕದಲ್ಲಿ ಸ್ಟೂಲಿನ ಮೇಲೆ ಆ ಫ್ರೇಮನ್ನು ಗೋಡೆಗೆ ಒರಗಿಸಿ ಇಟ್ಟಿದ್ದರು. ಭಟ್ಟರ ಕಣ್ಣು ಕೆಂಪಾಗಿತ್ತು.

“ನಿನ್ನಲ್ಲಿ ಒಂದು ಕೇಳಬೇಕು. ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು.”

“ಕೇಳಿ ಮಾವ.”

“ಇದು ನೀನೇ ಮಾಡಿದ್ದಾ? ಮೆಷಿನಿನಲ್ಲಿ ಮಾಡಿಸಿದ್ದಲ್ಲವಲ್ಲ?”

“ನಾನೇ. ಅದು ಮಾವ, ಅಚ್ಚಿನಲ್ಲಿ ಒಂದು ಸ್ವಭಾವ ಉಂಟು, ಹೇಗೆಂದರೆ...”

“ಸ್ವಭಾವ ಇರಲಿ, ನಾನು ಹೇಳುದು ಕೇಳು.” ಭಟ್ಟರು ಮಂಚದಲ್ಲಿ ಕುಳಿತರು. “ಆಸ್ಪತ್ರೆಯಿಂದ ಬಂದ ಮೇಲೆ ವಿಷ್ಣು ಫೋನಿನಲ್ಲಿ ನನ್ನ ಫೋಟೋ ತೆಗೆದು ತೋರಿಸಿದ. ನೋಡುವಾಗ ನನ್ನ ಬಾಯಿ ಒಂದು ಕಡೆಗೆ ವಾಲಿದೆ. ಮೂಗೂ ಓರೆ. ಲಕ್ವದ ಶುರು ಅಂತ ಅಂದುಕೊಂಡೆ. ಯಾರಲ್ಲಿಯೂ ಹೇಳಲಿಲ್ಲ. ಹೇಳಿದರೆ ಮತ್ತೆ ಮಂಗಳೂರು. ಹಳೆಯ ಫೋಟೋ ತೆಗೆದು ನೋಡಿದೆ, ಅದರಲ್ಲಿಯೂ ಯಾರೋ ನನ್ನ ಹಾಗಿನ ಬೇರೆಯವ ಕೂತಿದ್ದಾನೆ. ಅಂದಿನಿಂದ ಸರಿಯಾಗಿ ನಿದ್ದೆ ಇಲ್ಲ ಈಶ್ವರ. ಮಾತಾಡುವಾಗಲೂ ಬಾಯಿ ವಾಲುತ್ತದೋ ಅಂತಲೇ ಯೋಚನೆ.”

ಮಾಸ್ತರರು ಸುರುಳಿಯನ್ನು ಬೆನ್ನಿನ ಹಿಂದೆ ಹಿಡಿದುಕೊಂಡು ನಿಂತೇ ಇದ್ದರು.

“ಈಗ ಬಾ ಇಲ್ಲಿ.” ಭಟ್ಟರು ಎದ್ದು ಕನ್ನಡಿಯ ಎದುರು ನಿಂತರು. “ಕನ್ನಡಿ ನೋಡು. ಈಗ ಪಟ ನೋಡು. ಗಂಧ ಎಲ್ಲಿ ಉಂಟು, ಮೂಗು ಯಾವ ಬದಿಗೆ ಉಂಟು, ಜನಿವಾರ ಹೇಗೆ ಇಳಿದಿದೆ. ಬೆಳಗ್ಗಿನಿಂದ ಹೋಲಿಸಿ ನೋಡ್ತಾ ಇದ್ದೇನೆ, ಒಂದು ಕೂದಲು ಹೆಚ್ಚುಕಮ್ಮಿ ಇಲ್ಲ. ಬಾಯಿ ವಾಲಿದೆಯಾ? ಇಲ್ಲ. ಇದು ನಾನೇ. ಆ ಫೋಟೋದವರಿಗೆಲ್ಲ ತೆಗೆಯಲಿಕ್ಕೆ ಬರುದಿಲ್ಲ, ಅಷ್ಟೆ.”

ಕನ್ನಡಿಯೊಳಗಿನ ಭಟ್ಟರ ಜನಿವಾರವೂ ಪಟದ ಭಟ್ಟರ ಜನಿವಾರವೂ ಒಂದೇ ಬದಿಯಲ್ಲಿ ಇಳಿದಿದ್ದವು. ಊರಿನವರೆಲ್ಲರ ಹೆಗಲನ್ನು ಎದುರಿನಿಂದ ನೋಡಿ ಗದರಿಸಿದ ಮನುಷ್ಯ, ತನ್ನ ಹೆಗಲನ್ನು ಮಾತ್ರ ಈ ಗಾಜಿನಲ್ಲಿ ನೋಡಿಕೊಂಡೇ ಮುದುಕನಾಗಿದ್ದ. ಕನ್ನಡಿಯಲ್ಲಿ ರೂಢಿಯಾದ ಮುಖ ಫೋಟೋದಲ್ಲಿ ಎಡಬಲ ಬದಲಾಗಿ ಬಂದದ್ದೇ ಅವರಿಗೆ ಓರೆಯಾಗಿ ಕಂಡಿತ್ತು.

ಇಂಥ ವಿಷಯವನ್ನು ವಿವರಿಸುವುದಕ್ಕೆಂದೇ ಈಶ್ವರಪ್ರಸಾದ ಮಾಸ್ತರರು ಹುಟ್ಟಿದ್ದರು. ಹಲಗೆ, ಕನ್ನಡಿ, ಫೋಟೋ, ಎಡ, ಬಲ, ಮನುಷ್ಯ ತನ್ನ ಮುಖವನ್ನು ಹೇಗೆ ತಪ್ಪಾಗಿ ಅರಿತಿರುತ್ತಾನೆ ಎಂಬ ಇಡೀ ಪಾಠ ಕ್ರ‌ಮವಾಗಿ, ಪೀಠಿಕೆ ಸಮೇತ, ಗಂಟಲಿಗೆ ಬಂದು ನಿಂತಿತು. ಕೇಳುವವರೂ ಎದುರಿಗೇ ಇದ್ದರು, ಅದೂ ಬಾಗಿಲು ಹಾಕಿಕೊಂಡು.

“ಅದು ಮಾವ...” ಎಂದರು.

“ಎಂತ?”

“ಎಂತ ಇಲ್ಲ. ಶಾಯಿ ಪೂರ್ತಿ ಒಣಗಲಿಲ್ಲ. ಗಾಜು ತೆಗೆದು ಮುಟ್ಟಬೇಡಿ.”

“ಇದನ್ನು ಭಾನುವಾರ ಚಾವಡಿಯಲ್ಲಿ ಎಲ್ಲರಿಗೂ ಕಾಣುವ ಹಾಗೆ ಹಾಕಬೇಕು,” ಎಂದರು ಭಟ್ಟರು. “ಬಾಯಾರಿನಿಂದ ನಮ್ಮ ವೈದಿಕರೆಲ್ಲ ಬರ್ತಾರೆ. ನೋಡಲಿ.”

ಬಾಯಾರಿನ ವೈದಿಕರೆಂದರೆ ಎಲೆಯಲ್ಲಿ ಉಪ್ಪು ಯಾವ ಬದಿಗೆ ಬಡಿಸಿದ್ದಾರೆಂದು ನೋಡಿಯೇ ಕುಳಿತುಕೊಳ್ಳುವವರು. ಬೇರೆ ಉಪಾಯ ಕಾಣದೆ ಮಾಸ್ತರರು ಮಾವನ ಶಾಸ್ತ್ರವನ್ನೇ ಹಿಡಿದರು. “ಹೊರಗೆ ಬೇಡ ಮಾವ. ಇಷ್ಟು ಜೀವಕಳೆ ಇರುವ ಪಟ. ಅಷ್ಟು ಜನ ನೋಡಿದರೆ ದೃಷ್ಟಿ ಆಗ್ತದೆ.”

ಭಟ್ಟರು ಯೋಚಿಸಿದರು. “ಅದು ಹೌದು,” ಎಂದರು. ಪಟ ಮಂಚದ ಎದುರಿನ ಗೋಡೆಗೆ ಹೋಯಿತು. ಮೊಳೆ ಹೊಡೆದದ್ದು ಮಾಸ್ತರರೇ. ಮೂರು ಸಲ ಹೆಬ್ಬೆರಳಿಗೆ ಬಿತ್ತು. ಆಮೇಲೆ ಭಟ್ಟರು ಕಾಫಿ ಕೇಳಿದರು, ಜೊತೆಗೆ ದೋಸೆ ಉಂಟಾ ಎಂದೂ ಕೇಳಿದರು.

ಹೊರಡುವಾಗ ವಿಷ್ಣುಪ್ರಸಾದನನ್ನು ಬಾವಿಕಟ್ಟೆಯ ಹತ್ತಿರ ಕರೆದುಕೊಂಡು ಹೋಗಿ ಮಾಸ್ತರರು ಎಲ್ಲವನ್ನೂ ಹೇಳಿದರು. ಅವನು ತಲೆಗೆ ಕೈ ಇಟ್ಟುಕೊಂಡ. “ನನಗೆ ಹೇಳಬಾರದಿತ್ತು ಭಾವ. ಇಷ್ಟು ಹೊತ್ತು ನೀವೊಬ್ಬರೇ ಹೆದರಿದರೆ ಸಾಕಿತ್ತು.”

ಭಾನುವಾರ ಶಾಂತಿ ಚೆನ್ನಾಗಿಯೇ ನಡೆಯಿತು. ಊಟದ ಮೇಲೆ, ಮಾಸ್ತರರು ಶನಿವಾರವಿಡೀ ಕೂತು ಒತ್ತಿದ್ದ ತಿಳಿ ಮಾವನನ್ನು ಎಲ್ಲರಿಗೂ ಹಂಚಿದರು. ಬಾಯಾರಿನವರು ಕನ್ನಡಕ ಏರಿಸಿ, ಜನಿವಾರವನ್ನು ದಾಟಿ, ಅಕ್ಷರಗಳವರೆಗೆ ಇಳಿದು, ಏನೂ ಸಿಗದೆ ಮಡಚಿಟ್ಟುಕೊಂಡರು. ಮಾಸ್ತರರು ಉಸಿರು ಬಿಡುವಷ್ಟರಲ್ಲಿ ಭಟ್ಟರು ಒಂದು ಪ್ರತಿ ತರಿಸಿಕೊಂಡು, ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು.

“ಇದು ನನ್ನ ಹಾಗೆ ಇಲ್ಲ,” ಎಂದರು, ಚಾವಡಿಗೆಲ್ಲ ಕೇಳುವಂತೆ. “ಮುಖ ಓರೆ ಬಂದಿದೆ. ನನಗೆ ಒಂದು ಮಾಡಿಕೊಟ್ಟಿದ್ದಾನೆ, ಅದು ಬಹಳ ಸರಿ ಬಂದಿದೆ. ಆಮೇಲಿನದ್ದೆಲ್ಲ ಕೈ ತಪ್ಪಿದೆ. ಆದರೂ ಹುಡುಗ ಕಷ್ಟಪಟ್ಟಿದ್ದಾನೆ, ಯಾರೂ ಬಿಸಾಡಬೇಡಿ.”

ಯಾರೋ ಮಾಸ್ತರರ ಬೆನ್ನು ತಟ್ಟಿ, “ಅಭ್ಯಾಸ ಮಾಡಿದರೆ ಬರ್ತದೆ ಮಾಸ್ಟ್ರೇ,” ಎಂದು ಸಮಾಧಾನ ಹೇಳಿದರು. ಅವರು ಚೀನಾದ ಮಾತೆತ್ತದೆ ಪಾಯಸದ ಲೋಟ ಹಿಡಿದು ಕುಳಿತರು.

ಈಗ ಭಟ್ಟರು ಚೆನ್ನಾಗಿ ನಿದ್ದೆ ಮಾಡುತ್ತಾರೆ. ಬೆಳಗ್ಗೆ ಎದ್ದ ಕೂಡಲೇ ಎದುರಿನ ಪಟ ನೋಡಿ, ಬಾಯಿ ನೆಟ್ಟಗಿದೆ ಎಂದು ಖಚಿತಪಡಿಸಿಕೊಂಡೇ ಕಾಲು ನೆಲಕ್ಕಿಡುವುದು. ಹಲ್ಲಿಗಳ ಕಡೆಗೆ ಮೊದಲಿನಷ್ಟು ಗಮನವಿಲ್ಲ. ನಿದ್ದೆ ಕೆಟ್ಟದ್ದು ಮುಳ್ಳೇರಿಯದಲ್ಲಿ. ಭಟ್ಟರು ಆರೋಗ್ಯವಾಗಿದ್ದಷ್ಟು ದಿನ ಬಂದವರು ಜಗಲಿಯಿಂದಲೇ ಹಿಂದಿರುಗುತ್ತಾರೆ. ಒಂದು ಜ್ವರ ಬಂದು ಮಲಗಿದರೆ ನೋಡಲು ಬರುವ ನೆಂಟರೆಲ್ಲ ನೇರ ಆ ರೂಮಿಗೇ ಹೋಗುವುದು, ಮಂಚದ ಪಕ್ಕದಲ್ಲಿ ಕುಳಿತು ಎದುರಿನ ಗೋಡೆಯನ್ನೇ ನೋಡುವುದು. ಹಾಗಾಗಿ ಮಾವನ ಆರೋಗ್ಯದ ಬಗ್ಗೆ ಈಶ್ವರಪ್ರಸಾದ ಮಾಸ್ತರರಷ್ಟು ಕಾಳಜಿ ಇರುವ ಅಳಿಯ ಇಲ್ಲ ಎಂದು ಕುಂಬ್ಡಾಜೆಯಲ್ಲಿ ಹೆಸರಾಗಿದೆ. ಮೋಡ ಕಟ್ಟಿದರೆ ಫೋನು ಮಾಡುತ್ತಾರೆ. ಮೊನ್ನೆ ಭಟ್ಟರು ಎರಡು ಸಲ ಸೀನಿದರೆಂದು ತಿಳಿದು ಗುಣಪಾಲನ ರಿಕ್ಷಾ ಹಿಡಿದು ಬಂದವರು, ಸೊಂಟನೋವನ್ನೂ ಲೆಕ್ಕಿಸದೆ ವಿಷ್ಣುಪ್ರಸಾದನ ಜೊತೆ ಸೇರಿ ಮಂಚವನ್ನು ಎತ್ತಿ ಚಾವಡಿಗೆ ತಂದು ಹಾಕಿದರು.

“ಇಲ್ಲಿ ಎಂತಕ್ಕೆ?” ಎಂದು ಭಟ್ಟರು ಕೇಳಿದರು.

“ಗಾಳಿ ಬೆಳಕು ಬೇಕು ಮಾವ,” ಎಂದರು ಮಾಸ್ತರರು, ರೂಮಿನ ಬಾಗಿಲಿಗೆ ಬೀಗ ಹಾಕುತ್ತ.